ಸ್ನೋ ಟೈರ್ ಹಾಕಿಸಬೇಕೆ, ಬೇಡವೆ?

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಈ ಪ್ರಶ್ನೆಯೇ ಇಲ್ಲ. ಅಲ್ಲಿ ನೋಂದಣಿಯಾದ ಕಾರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್, ಅಂದರೆ ಸ್ನೋ ಟೈರ್, ಇರಲೇಬೇಕು, ಇಲ್ಲದಿದ್ದರೆ 200ರಿಂದ 300 ಡಾಲರ್ ದಂಡ. ಗಡಿ ದಾಟಿ ಪಕ್ಕದ ಒಂಟಾರಿಯೊ ಪ್ರಾಂತಕ್ಕೆ ಬಂದರೆ ಅಂಥ ಕಾನೂನಿಲ್ಲ. ಚಳಿಗಾಲದ ಟೈರ್ ಹಾಕಿಸಿದವರಿಗೆ ವಿಮಾ ಕಂಪನಿಗಳು ಕಂತಿನಲ್ಲಿ ರಿಯಾಯಿತಿ ಕೊಡಬೇಕೆಂದು 2016ರಿಂದ ನಿಯಮವಿದೆ, ಅಷ್ಟೇ. ಹಾಕಿಸುವುದು ಬಿಡುವುದು ಕಾರಿನವರ ಇಷ್ಟ. ಹಾಗಾಗಿ ಟೊರಾಂಟೊ ಸುತ್ತಮುತ್ತಲಿನ ಕನ್ನಡಿಗರ ಮನೆಗಳಲ್ಲಿ ದೀಪಾವಳಿಯ ಹಣತೆ ಎತ್ತಿಡುವ ಹೊತ್ತಿಗೆ ಈ ಮಾತು ಶುರುವಾಗುತ್ತದೆ. ಇಲ್ಲಿ ಬರೆದಿರುವ ಇಬ್ಬರಲ್ಲಿ ಒಬ್ಬರು ಟೊರಾಂಟೊದ ಉತ್ತರಕ್ಕಿರುವ ಬ್ಯಾರಿ ಎಂಬ ಊರಿನಲ್ಲಿದ್ದು ಬೆಳಗಿನ ಜಾವ ಐದಕ್ಕೆ ಕೆಲಸಕ್ಕೆ ಹೊರಡುವವರು. ಇನ್ನೊಬ್ಬರು ಟೊರಾಂಟೊಗೆ ಅಂಟಿಕೊಂಡ ಮಿಸ್ಸಿಸಾಗದ ಹದಿನೆಂಟನೇ ಮಹಡಿಯವರು.

ಪರ: ಓಡಿಸಲಿಕ್ಕಲ್ಲ, ನಿಲ್ಲಿಸಲಿಕ್ಕೆ

ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿಯುವ ಮುಂಚೆ ಅಂಗಳದಲ್ಲಿ ಓಡಾಡುವ ದಾರಿಗೆ ಅಡಿಕೆ ದಬ್ಬೆ ಹಾಕುತ್ತಾರೆ. ಹಾವಸೆ ಕಟ್ಟಿದ ಅಂಗಳದಲ್ಲಿ ಕಾಲಿಟ್ಟರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಜಾರಿ ಬಿದ್ದ ಮೇಲೆ ದಬ್ಬೆ ಹುಡುಕಿಕೊಂಡು ತೋಟಕ್ಕೆ ಹೋದವರನ್ನು ನಾನು ಅಲ್ಲಿ ನೋಡಿಲ್ಲ. ಇಲ್ಲಿ ನೋಡಿದ್ದೇನೆ. ಮೊದಲ ಹಿಮ ಬಿದ್ದ ಮಾರನೇ ದಿನ ಟೈರ್ ಅಂಗಡಿಗೆ ಫೋನ್ ಮಾಡಿದರೆ ಮೂರು ವಾರ ಬಿಟ್ಟು ಬನ್ನಿ ಅನ್ನುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರ ಆ ಸಾಲಿನಲ್ಲಿ ಒಂದು ವರ್ಷ ನಾನೂ ನಿಂತಿದ್ದೆ.

ಅದಕ್ಕೆ ಕಾರಣ ಒಂದು ಸಣ್ಣ ಘಟನೆ. ನಮ್ಮ ಬೀದಿಯ ತುದಿಯಲ್ಲಿ ಒಂದು ಸಿಗ್ನಲ್ ಇದೆ. ಐದು ಗಂಟೆಯ ಕತ್ತಲು, ಹಿಮ ತಳ್ಳುವ ಗಾಡಿ ಇನ್ನೂ ಬಂದಿರಲಿಲ್ಲ. ಕೆಂಪು ದೀಪ ಕಂಡು ಬ್ರೇಕ್ ಒತ್ತಿದೆ. ಕಾಲಡಿ ಪೆಡಲ್ ಕಟಕಟ ನಡುಗಿತು, ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿತ್ತು. ಕಾರು ಮಾತ್ರ ನಿಲ್ಲಲಿಲ್ಲ. ಮನುಷ್ಯರ ನಡಿಗೆಯ ವೇಗದಲ್ಲಿ, ಯಾವ ಅವಸರವೂ ಇಲ್ಲದೆ, ಸ್ಟಾಪ್ ಲೈನ್ ದಾಟಿ ನಡುರಸ್ತೆಗೆ ಹೋಗಿ ನಿಂತಿತು. ಎದುರಿಂದ ಯಾರೂ ಬರುತ್ತಿರಲಿಲ್ಲ, ಅಷ್ಟೇ. ಒಂದು ಗೀರೂ ಆಗಲಿಲ್ಲ. ಆದರೆ ಆ ಮೂರು ಸೆಕೆಂಡು ಸ್ಟಿಯರಿಂಗ್, ಬ್ರೇಕ್ ಎರಡೂ ಕೈಯಲ್ಲಿದ್ದು ಕಾರು ನನ್ನದಾಗಿರಲಿಲ್ಲ.

ಟೈರ್ ಬೋಳಾಗಿತ್ತೇ? ಇಲ್ಲ, ಎರಡೇ ವರ್ಷ ಹಳೆಯದು. ಪಕ್ಕದಲ್ಲಿ ‘ಎಂ ಪ್ಲಸ್ ಎಸ್’ ಎಂದೂ ಬರೆದಿತ್ತು, ಅಂದರೆ ಕೆಸರು ಮತ್ತು ಹಿಮ. ಆ ಅಕ್ಷರಗಳ ಗುಟ್ಟು ನನಗೆ ಆಮೇಲೆ ತಿಳಿಯಿತು. ಟೈರಿನ ಮೇಲ್ಮೈಯ ತೋಡುಗಳ ವಿನ್ಯಾಸ ಇಂತಿಷ್ಟು ತೆರೆದಿದ್ದರೆ ತಯಾರಕರೇ ಅದನ್ನು ಅಚ್ಚು ಹಾಕಿಕೊಳ್ಳಬಹುದು, ಹಿಮದ ಮೇಲೆ ಓಡಿಸಿ ತೋರಿಸಬೇಕಿಲ್ಲ. ಓಡಿಸಿ ಪಾಸಾದ ಟೈರಿಗೆ ಬೇರೆ ಗುರುತಿದೆ: ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. ಕ್ವಿಬೆಕ್‌ನವರು 2014ರ ಡಿಸೆಂಬರ್‌ನಿಂದ ಬರೀ ಅಕ್ಷರಗಳನ್ನು ಒಪ್ಪುವುದನ್ನೇ ಬಿಟ್ಟರು.

ಅಸಲು ವಿಷಯ ರಬ್ಬರಿನದು. ಇಲ್ಲಿಗೆ ಬಂದವರಿಗೆಲ್ಲ ಕೊಬ್ಬರಿ ಎಣ್ಣೆಯ ಬಾಟಲಿ ಪಾಠ ಹೇಳಿರುತ್ತದೆ. ಊರಲ್ಲಿ ಸುರಿಯುತ್ತಿದ್ದದ್ದು ಇಲ್ಲಿ ಚಮಚದಲ್ಲಿ ಕೆರೆಯಬೇಕು. ಟೈರ್ ಅಷ್ಟು ಗಟ್ಟಿಯಾಗುವುದಿಲ್ಲ, ಆದರೆ ದಾರಿ ಅದೇ. ಎಲ್ಲ ಕಾಲಕ್ಕೂ ಎಂದು ಮಾರುವ ಸಾಧಾರಣ ಆಲ್‌ಸೀಸನ್ ಟೈರಿನ ರಬ್ಬರ್ ಸುಮಾರು 7 ಡಿಗ್ರಿಯ ಕೆಳಗೆ ಬಿಗಿಯಾಗುತ್ತ ಹೋಗುತ್ತದೆ, ರಸ್ತೆಯ ಉಬ್ಬುತಗ್ಗಿಗೆ ಅಂಟಿಕೊಳ್ಳುವುದಿಲ್ಲ. ಚಳಿಗಾಲದ ಟೈರಿನ ರಬ್ಬರಿಗೆ ಸಿಲಿಕಾ ಎಂಬ ಪುಡಿ ಹೆಚ್ಚು ಬೆರೆಸಿರುತ್ತಾರೆ, ಮೈನಸ್ ಇಪ್ಪತ್ತರಲ್ಲೂ ಅದು ಮೆತ್ತಗಿರುತ್ತದೆ. ಮೇಲೆ ನೂರಾರು ಕೂದಲೆಳೆಯ ಸೀಳುಗಳಿರುತ್ತವೆ. ಐಸಿನ ಮೇಲಿನ ತೆಳುವಾದ ನೀರಿನ ಪದರವನ್ನು ಅವು ಎಳೆದುಕೊಳ್ಳುತ್ತವೆ, ಅವುಗಳ ಅಂಚು ರಸ್ತೆಯನ್ನು ಹಿಡಿಯುತ್ತದೆ. ಅಗಲವಾದ ತೋಡುಗಳಲ್ಲಿ ಹಿಮ ತುಂಬಿಕೊಳ್ಳುವುದೂ ಬೇಕೆಂದೇ ಮಾಡಿದ್ದು. ಹಿಮವನ್ನು ಹಿಡಿಯಲು ಹಿಮದಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ಮುಷ್ಟಿಯಲ್ಲಿ ಉಂಡೆ ಕಟ್ಟಿದ ಮಕ್ಕಳಿಗೆಲ್ಲ ಇದು ಗೊತ್ತು.

“ನಮ್ಮದು ನಾಲ್ಕೂ ಚಕ್ರ ಎಳೆಯುವ ಗಾಡಿ” ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಾಲ್ಕೂ ಚಕ್ರ ಎಳೆದರೆ ಕಾರು ಹೊರಡುತ್ತದೆ, ಬೇಗ ಹೊರಡುತ್ತದೆ. ನಿಲ್ಲುವಾಗ ಎಲ್ಲ ಕಾರಿಗೂ ಬ್ರೇಕ್ ಇರುವುದು ನಾಲ್ಕು ಚಕ್ರಕ್ಕೇ. ಅಲ್ಲಿಂದ ಮುಂದೆ ಅಂಗೈಯಗಲದ ನಾಲ್ಕು ರಬ್ಬರ್ ತುಂಡು, ರಸ್ತೆ, ದೇವರು. ದುಡ್ಡು ಉಳಿಸಲು ಮುಂದಿನ ಎರಡಕ್ಕಷ್ಟೇ ಹಾಕಿಸುವವರೂ ಇದ್ದಾರೆ. ಮುಂಭಾಗ ರಸ್ತೆ ಹಿಡಿದು ಹಿಂಭಾಗ ಜಾರಿದರೆ ಕಾರು ಬುಗುರಿಯಾಗುತ್ತದೆ. ಅದಕ್ಕಿಂತ ಒಂದೂ ಹಾಕಿಸದಿರುವುದು ವಾಸಿ.

ರಸ್ತೆಗೆ ಉಪ್ಪು ಹಾಕುತ್ತಾರಲ್ಲ ಎಂದರೆ, ಹಾಕುತ್ತಾರೆ. ಮೈನಸ್ ಹತ್ತು ಹನ್ನೆರಡರ ಕೆಳಗೆ ಮಾಮೂಲಿ ಉಪ್ಪಿನ ಆಟ ಅಷ್ಟಾಗಿ ನಡೆಯುವುದಿಲ್ಲ. ಜಾರ್ಜಿಯನ್ ಬೇ ಎಂಬ ಸರೋವರದ ಕೊಲ್ಲಿಯ ಕಡೆಯಿಂದ ಗಾಳಿ ಬೀಸಿದ ದಿನ ನಮ್ಮ 400ನೇ ಹೆದ್ದಾರಿಯಲ್ಲಿ ಐದು ನಿಮಿಷ ಬಿಸಿಲು, ಆರನೇ ನಿಮಿಷ ಮುಂದಿನ ಕಾರಿನ ದೀಪ ಕಾಣದಷ್ಟು ಹಿಮ. ನನ್ನದು ಆಸ್ಪತ್ರೆಯ ಲ್ಯಾಬ್ ಕೆಲಸ. ಹಿಮ ಬಿದ್ದಿದೆ, ಇವತ್ತು ಮನೆಯಿಂದಲೇ ರಕ್ತ ಪರೀಕ್ಷೆ ಮಾಡುತ್ತೇನೆ ಅನ್ನಲಾಗುವುದಿಲ್ಲ.

ಖರ್ಚಿನ ಬಗ್ಗೆ ನಮ್ಮನೆಯವರು ಮೊದಲು ಗೊಣಗಿದರು. ರಿಮ್ ಸಮೇತ ನಮಗೆ ಸಾವಿರ ಡಾಲರಿನ ಆಸುಪಾಸು ಆಯಿತು. ರಿಮ್ ಬೇರೆಯೇ ಇದ್ದರೆ ವರ್ಷಕ್ಕೆರಡು ಸಲ ಟೈರನ್ನು ರಿಮ್ಮಿನಿಂದ ಕೀಳುವ ಕೆಲಸ ಇರುವುದಿಲ್ಲ, ಬದಲಿಸುವ ಕೂಲಿ ಕಡಿಮೆ. ಚಳಿಗಾಲದಲ್ಲಿ ಈ ನಾಲ್ಕು ಸವೆಯುವಾಗ ಬೇಸಿಗೆಯ ನಾಲ್ಕು ಗ್ಯಾರೇಜಿನಲ್ಲಿ ಮಲಗಿರುತ್ತವೆ. ವರ್ಷಕ್ಕೆ ಇಪ್ಪತ್ತೈದು ಸಾವಿರ ಕಿಲೋಮೀಟರ್ ಓಡುವ ನಮ್ಮ ಕಾರಿಗೆ ಹೇಗೂ ಟೈರ್ ಬೇಕಾಗುತ್ತಿತ್ತು. ಎರಡನೇ ಜೊತೆಯ ದುಡ್ಡನ್ನು ಸ್ವಲ್ಪ ಮುಂಚೆ ಕೊಟ್ಟೆವು, ಅಷ್ಟೇ.

ಈಗ ಆಲ್‌ವೆದರ್ ಎಂಬ ನಡುವಿನ ಜಾತಿ ಬಂದಿದೆ, ಹಿಮಕ್ಕೂ ಸೇರಿ ವರ್ಷಪೂರ್ತಿ ಹಾಕಿಕೊಂಡಿರಬಹುದಂತೆ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಅವುಗಳಿಗೂ ಬೆಟ್ಟದ ಗುರುತಿದೆ ನಿಜ. ಆ ಗುರುತಿನ ಪರೀಕ್ಷೆ ನಡೆಯುವುದು ಒತ್ತಿ ಗಟ್ಟಿಯಾದ ಹಿಮದ ಮೇಲೆ. ನನ್ನ ಸಿಗ್ನಲ್ಲಿನಲ್ಲಿ ಅವತ್ತು ಇದ್ದದ್ದು ಐಸ್.

ವಿರೋಧ: ಎಲ್ಲರ ಮನೆಯ ದೋಸೆಯೂ ತೂತು, ನಮ್ಮ ಕಾವಲಿ ಬೇರೆ

ಹುಬ್ಬಳ್ಳಿಯಿಂದ ನಮ್ಮವ್ವ ಬಂದಿದ್ದಾಗ ಪಕ್ಕದ ಮನೆಯವರು ಟೈರ್ ಬದಲಿಸುವುದನ್ನು ನೋಡಿ ಕೇಳಿದಳು: “ಗಾಲಿಗೂ ಸ್ವೆಟರ್ ಹಾಕ್ತೀರೇನೋ ತಮ್ಮಾ?” ನಗು ಬಂತು. ಆದರೆ ಪ್ರಶ್ನೆ ತಪ್ಪೇನಲ್ಲ.

ಮೊದಲೇ ಒಪ್ಪಿಬಿಡುತ್ತೇನೆ. ರಬ್ಬರಿನ ಬಗ್ಗೆ ಅವರು ಬರೆದದ್ದೆಲ್ಲ ಸರಿ. ಹಿಮ, ಐಸಿನ ಮೇಲೆ ಚಳಿಗಾಲದ ಟೈರ್ ಬೇಗ ನಿಲ್ಲುತ್ತದೆ, ಅದರಲ್ಲಿ ವಾದವಿಲ್ಲ. ಬ್ಯಾರಿಯಲ್ಲಿ ನಾನಿದ್ದು, ಐದು ಗಂಟೆಗೆ ಲ್ಯಾಬಿಗೆ ಹೋಗಬೇಕಿದ್ದರೆ ಅಕ್ಟೋಬರ್‌ನಲ್ಲೇ ಹಾಕಿಸುತ್ತಿದ್ದೆ. ನನ್ನ ತಕರಾರು ಇರುವುದು ‘ಕೆನಡಾದಲ್ಲಿದ್ದೀರಿ, ಹಾಕಿಸಲೇಬೇಕು’ ಎಂಬ ಒಂದೇ ಸಾಲಿನ ಉಪದೇಶದ ಬಗ್ಗೆ. ಹೊಸದಾಗಿ ಬಂದ ಹುಡುಗರು, ಇನ್ನೂ ಸರಿಯಾದ ಕೆಲಸ ಸಿಕ್ಕಿರುವುದಿಲ್ಲ, ಹಳೆಯ ಕರೋಲಾ ಕೊಂಡ ವಾರದಲ್ಲೇ ನಾಲ್ಕು ಜನ ಹೆದರಿಸಿ ಸಾವಿರ ಡಾಲರ್ ಸಾಲ ಮಾಡಿಸಿದ್ದನ್ನು ಕಂಡಿದ್ದೇನೆ.

ನನ್ನ ಕಾರು ವರ್ಷಕ್ಕೆ ಏಳು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ವಾರಕ್ಕೆರಡು ದಿನ ಆಫೀಸು, ಅದಕ್ಕೆ ‘ಗೋ’ ಎಂಬ ಉಪನಗರ ರೈಲಿದೆ. ಕಾರು ಮಲಗುವುದು ನೆಲಮಾಳಿಗೆಯಲ್ಲಿ. ಹೊರಗೆ ಮೈನಸ್ ಹದಿನೈದಿದ್ದರೂ ಅಲ್ಲಿ ಬೆಚ್ಚಗೆ. ಚಳಿಗಾಲದಲ್ಲಿ ಅದು ನೋಡುವ ದಾರಿ ಎಂದರೆ ತರಕಾರಿ ಅಂಗಡಿ, ಮಗಳ ಭರತನಾಟ್ಯ ಕ್ಲಾಸು, ತಿಂಗಳಿಗೊಮ್ಮೆ ದೇವಸ್ಥಾನ. ಇಲ್ಲಿನ ದೊಡ್ಡ ರಸ್ತೆಗಳಿಗೆ ಉಪ್ಪು ಎಷ್ಟು ಸುರಿಯುತ್ತಾರೆಂದರೆ ಜನವರಿಯಲ್ಲಿ ಕಾರಿನ ಬಾಗಿಲು ನೆಕ್ಕಿದರೆ ಉಪ್ಪಿನಕಾಯಿ ಬೇಡ. ಹಾಗಾದರೆ ನನ್ನ ಲೆಕ್ಕ ಇದು: ಮನೆಯಲ್ಲೇ ಇರಲಾಗದ, ರೈಲೂ ಹತ್ತಲಾಗದ, ರಸ್ತೆಯೂ ಸ್ವಚ್ಛವಾಗಿರದ ದಿನಗಳು ನನ್ನ ವರ್ಷದಲ್ಲಿ ಎಷ್ಟು? ಕಳೆದ ಎರಡು ಚಳಿಗಾಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಎರಡು ಕೈ ಬೆರಳು ಮುಗಿಯಲಿಲ್ಲ.

ನಿಜವಾದ ಬಿರುಗಾಳಿ ಬಂದರೆ ಯಾವ ಟೈರೂ ಆಗುವುದಿಲ್ಲ. 2022ರ ಜನವರಿ 17ರಂದು ಟೊರಾಂಟೊದಲ್ಲಿ ಡಾನ್ ವ್ಯಾಲಿ ಪಾರ್ಕ್‌ವೇ, ಗಾರ್ಡಿನರ್ ಎಕ್ಸ್‌ಪ್ರೆಸ್‌ವೇ ಎಂಬ ಹೆದ್ದಾರಿಗಳೆರಡನ್ನೂ ಹಿಮದಿಂದಾಗಿ ಮುಚ್ಚಬೇಕಾಯಿತು. ಅಲ್ಲಿ ಸಿಕ್ಕಿಕೊಂಡಿದ್ದ ಕಾರುಗಳಲ್ಲಿ ಒಳ್ಳೆಯ ಟೈರಿನವೂ ಬೇಕಾದಷ್ಟು ಇದ್ದಿರಬೇಕು. ಮುಂದಿನ ಬಸ್ಸು ಅಡ್ಡ ನಿಂತರೆ ಸಿಲಿಕಾ ಏನು ಮಾಡೀತು? ಅವತ್ತು ಕೀಲಿ ಮೊಳೆಯ ಮೇಲೆ ನೇತಾಡುತ್ತಿತ್ತು, ನಾವು ಮಂಡಕ್ಕಿ ಒಗ್ಗರಣೆ ಹಾಕಿಕೊಂಡು ಕಿಟಕಿಯಲ್ಲಿ ಕೂತಿದ್ದೆವು.

ಖರ್ಚು. ರಿಮ್ ಸಮೇತ ಟೈರಿನ ಬೆಲೆಯ ಜೊತೆಗೆ ಗಾಳಿಯ ಒತ್ತಡ ಹೇಳುವ ಸೆನ್ಸರಿನ ಖರ್ಚು ಬೇರೆ. ಅದನ್ನು ಹಾಕಿಸದಿದ್ದರೆ ಇಡೀ ಚಳಿಗಾಲ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತದೆ. ವರ್ಷಕ್ಕೆರಡು ಸಲ ಬದಲಿಸುವ ಕೂಲಿ. ನಮ್ಮ ಕಾಂಡೊದ, ಅಂದರೆ ಅಪಾರ್ಟ್‌ಮೆಂಟಿನ, ಲಾಕರಿನಲ್ಲಿ ಟೈರ್ ಇಡುವಂತಿಲ್ಲ, ಬೆಂಕಿಯ ಭಯ. ಬಾಲ್ಕನಿಯಲ್ಲೂ ಇಡುವಂತಿಲ್ಲ, ಕಣ್ಣಿಗೆ ಚೆನ್ನಾಗಿ ಕಾಣುವುದಿಲ್ಲವಂತೆ. ಹಾಗಾಗಿ ಅಂಗಡಿಯಲ್ಲೇ ಇಡಲು ಪ್ರತಿ ಋತುವಿಗೆ ಬಾಡಿಗೆ. ನನ್ನ ಟೈರುಗಳಿಗೂ ಮಿಸ್ಸಿಸಾಗದಲ್ಲಿ ಮನೆ ಬಾಡಿಗೆ ಕಟ್ಟುವ ಸ್ಥಿತಿ! ವಿಮೆಯ ರಿಯಾಯಿತಿ ಕಂಪನಿಯಿಂದ ಕಂಪನಿಗೆ ಬೇರೆ. ನನಗೆ ಹೇಳಿದ್ದು ಬದಲಿಸುವ ಕೂಲಿಗೂ ಸಾಲುತ್ತಿರಲಿಲ್ಲ.

“ಎರಡು ಜೊತೆ ಇದ್ದರೆ ಎರಡೂ ನಿಧಾನ ಸವೆಯುತ್ತವೆ” ಎಂಬ ಮಾತು ಇಪ್ಪತ್ತೈದು ಸಾವಿರ ಓಡಿಸುವವರಿಗೆ ಸರಿ. ನನ್ನಂಥವರ ಟೈರ್ ಸವೆದು ಸಾಯುವುದಿಲ್ಲ, ಮುದಿಯಾಗಿ ಸಾಯುತ್ತದೆ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 3821 ಎಂದರೆ 2021ರ 38ನೇ ವಾರ ಹುಟ್ಟಿದ್ದು. ರಬ್ಬರ್ ಮೂಲೆಯಲ್ಲಿ ಕೂತರೂ ವಯಸ್ಸು ನಿಲ್ಲುವುದಿಲ್ಲ. ನಾನು ಎರಡು ಜೊತೆ ಕೊಂಡರೆ ಎರಡನ್ನೂ ಅರ್ಧ ಸವೆಯುವ ಮೊದಲೇ ಎಸೆಯಬೇಕು.

ಹಾಗಂತ ಮಾಮೂಲಿ ಆಲ್‌ಸೀಸನ್ನಿನಲ್ಲೇ ಜನವರಿ ಕಳೆಯಿರಿ ಅನ್ನುತ್ತಿಲ್ಲ. ನನ್ನ ಕಾರಿಗಿರುವುದು ಆಲ್‌ವೆದರ್, ಬೆಟ್ಟದ ಗುರುತು ಇರುವಂಥದು. ಅಕ್ಕಿಯೂ ನೆಂಟರೂ ಎಂದು ಹಂಗಿಸಲಿ, ಕ್ವಿಬೆಕ್‌ನ ಕಟ್ಟುನಿಟ್ಟಿನ ಕಾನೂನೂ ಆ ಗುರುತನ್ನು ಒಪ್ಪುತ್ತದೆ. ಐಸಿನ ಮೇಲೆ ಅದು ಅಪ್ಪಟ ಚಳಿಗಾಲದ ಟೈರಿಗೆ ಸಮನಲ್ಲ, ಗೊತ್ತು. ಆದರೆ ಡಿಸೆಂಬರ್‌ನಲ್ಲೂ ಕೆಲವು ದಿನ ಹತ್ತು ಡಿಗ್ರಿ ಮುಟ್ಟಿ ಮಳೆ ಸುರಿಯುವ ಊರಿದು. ಅಂಥ ದಿನ ಮೆತ್ತಗಿನ ಚಳಿಗಾಲದ ರಬ್ಬರೇ ಹಿಂದೆ ಬೀಳುತ್ತದೆ. ಏಪ್ರಿಲ್ ಕೊನೆಯವರೆಗೂ ಸೋಮಾರಿತನಕ್ಕೆ ಅದನ್ನೇ ಓಡಿಸುವವರ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಇನ್ನು ಪುಕ್ಕಟೆ ಸಿಗುವ ಒಂದು ಸಾಧನ ಬಲಗಾಲಿನಡಿ ಇದೆ. ಕಾರು ನಿಲ್ಲಲು ಬೇಕಾದ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 100ರಲ್ಲಿ ಹೋಗುವವನು 70ಕ್ಕೆ ಇಳಿಸಿದರೆ ಅದೇ ರಸ್ತೆ, ಅದೇ ಟೈರಿನಲ್ಲಿ ಬ್ರೇಕಿನ ದೂರ ಅರ್ಧಕ್ಕಿಳಿಯುತ್ತದೆ. ಸ್ನೋ ಟೈರ್ ಹಾಕಿಸಿದ ನನ್ನ ಗೆಳೆಯರಲ್ಲಿ ಇಬ್ಬರು ಹಾಕಿಸಿದ ಮಾರನೇ ದಿನದಿಂದ ಹಿಮದಲ್ಲೂ ಬೇಸಿಗೆಯ ವೇಗಕ್ಕೆ ಹೋದರು. ದುಡ್ಡು ಕೊಟ್ಟು ಕೊಂಡ ಸುರಕ್ಷತೆಯನ್ನು ಆಫೀಸಿಗೆ ಎಂಟು ನಿಮಿಷ ಮುಂಚೆ ಮುಟ್ಟಲು ಖರ್ಚು ಮಾಡಿದರು.

ಇನ್ನೊಂದು ಚಿಕ್ಕ ಮಾತು. ಚಕ್ರ ಬಿಚ್ಚಿ ಹಾಕಿಸಿ ನೂರು ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಮತ್ತೆ ಬಿಗಿ ನೋಡಿಸಬೇಕು ಎಂದು ರಸೀದಿಯ ಮೇಲೇ ಬರೆದಿರುತ್ತದೆ. ನೋಡಿಸಿದವರು ಕೈ ಎತ್ತಿ.

ನನ್ನ ಲೆಕ್ಕದಲ್ಲಿ ಒಂದು ತೂತಿದೆ, ಮುಚ್ಚಿಡುವುದಿಲ್ಲ. ಹೋದ ಫೆಬ್ರವರಿಯಲ್ಲಿ ಬ್ಯಾರಿಯಲ್ಲೇ ಒಂದು ಗೃಹಪ್ರವೇಶ. ಹಿಂದಿನ ರಾತ್ರಿಯಿಂದ ಹಿಮ. ಹೋಗದಿದ್ದರೆ ಆಗದ ಸಂಬಂಧ, ರೈಲಿನ ಹೊತ್ತಿಗೂ ಮುಹೂರ್ತಕ್ಕೂ ತಾಳೆ ಆಗದು. ಗೆಳೆಯನಿಗೆ ಫೋನ್ ಮಾಡಿ ಅವನ ಕಾರಿನಲ್ಲಿ ಹೋದೆವು. ಅವನದು ಅಪ್ಪಟ ಸ್ನೋ ಟೈರ್. 400ನೇ ಹೆದ್ದಾರಿಯಲ್ಲಿ ಅವನು ತುಟಿ ಬಿಗಿದು ಎಂಬತ್ತರಲ್ಲಿ ಓಡಿಸುತ್ತಿದ್ದ, ನಾನು ಹಿಂದಿನ ಸೀಟಿನಲ್ಲಿ ಹೋಳಿಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ದಾರಿಯಲ್ಲಿ ಟೈರಿನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ.