ಡ್ಯೂಟಿ ಟೈಮಲ್ಲಿ ಮಲಗಿದ ಸಿಂಹ

ಗದಗ ಹತ್ತಿರದ ಬಿಂಕದಕಟ್ಟಿ ಮೃಗಾಲಯದಲ್ಲಿ ರವಿವಾರ ಮಧ್ಯಾಹ್ನ ನಡೆಯುವುದು ಒಂದು ಇಲಾಖಾ ತನಿಖೆ. ಆರೋಪಿ ಸಿಂಹ. ಸಾರ್ವಜನಿಕರು ರೊಕ್ಕ ಕೊಟ್ಟು ಒಳಗೆ ಬಂದಾಗಲೂ ಮಲಗಿರುತ್ತದೆ ಎಂಬುದು ಆರೋಪ.

ತನಿಖೆ "ಏಯ್, ಏಳಲೇ!" ಎಂದು ಶುರುವಾಗುತ್ತದೆ. ಏಳುವುದಿಲ್ಲ. ಸೀಟಿ ಹೊಡೆಯುತ್ತಾರೆ. ಬಾಲ ಸ್ವಲ್ಪ ಅಲ್ಲಾಡುತ್ತದೆ, ಅದೂ ನೊಣ ಓಡಿಸಲು. ಕೊನೆಗೆ ಒಬ್ಬರು ತಾವೇ ಗರ್ಜಿಸುತ್ತಾರೆ. ಸಿಂಹ ಒಂದು ಕಣ್ಣು ತೆಗೆದು, ಗರ್ಜಿಸಿದವರನ್ನು ನೋಡಿ, ಮತ್ತೆ ಮುಚ್ಚುತ್ತದೆ.

"ಸತ್ತೈತೇನೋ?"

"ಇಲ್ಲಪಾ, ಹೊಟ್ಟಿ ಆಡಾಕತ್ತೈತಿ."

"ಮತ್ಯಾಕ ಏಳವಲ್ದು? ರೊಕ್ಕ ಸುಮ್ನ ಹೋತಲ್ಲೋ!"

ಸಿಂಹ ದಿನಕ್ಕೆ 20 ತಾಸಿನವರೆಗೂ ಬಿದ್ದುಕೊಂಡಿರುವ ಪ್ರಾಣಿ. ಅದರ ಓಡಾಟ ಹೆಚ್ಚಾಗಿ ಹೊತ್ತು ಮುಳುಗಿದ ಮೇಲೆ. ಅಷ್ಟೊತ್ತಿಗೆ ಟಿಕೆಟ್ ಕೌಂಟರ್ ಮುಚ್ಚಿರುತ್ತದೆ, ನಾವು ಮನೆಯಲ್ಲಿ ಟಿವಿ ಮುಂದೆ ಬಿದ್ದುಕೊಂಡಿರುತ್ತೇವೆ.

ಇದೇ ಜನ ಸೋಮವಾರ ಹೊಲದ ಉತಾರ (ಪಹಣಿ) ತೆಗೆಸಲು ಕಚೇರಿಗೆ ಹೋಗುತ್ತಾರೆ. ಕುರ್ಚಿ ಖಾಲಿ. "ಸಾಹೇಬ್ರು ಚಾ ಕುಡಿಯಾಕ ಹೋಗ್ಯಾರ" ಎಂಬ ಉತ್ತರ. ಚಾ ಮುಗಿಯುತ್ತದೆ, ಊಟದ ಹೊತ್ತಾಗುತ್ತದೆ. ಆದರೂ ಒಬ್ಬರೂ ಸೀಟಿ ಹೊಡೆಯುವುದಿಲ್ಲ. ಕಿಟಕಿಯಿಂದ ಶೇಂಗಾ ಎಸೆಯುವುದಿಲ್ಲ. ಸಾಹೇಬರು ಬಂದು ಕೂತು ಆಕಳಿಸಿದರೆ "ನಮಸ್ಕಾರ್ರಿ ಸರ್" ಎಂದು ಹಲ್ಲು ಬಿಡುತ್ತಾರೆ. ಹಕ್ಕು ಕೇಳಲು ನಮಗೆ ನಡುವೆ ಒಂದು ತಂತಿಬೇಲಿ ಬೇಕು ನೋಡಿ.

ಇನ್ನು ದಾಸೋಹದ ವಿಷಯ. ನಮ್ಮ ಕಡೆ ಯಾರನ್ನೂ ಉಪವಾಸ ಕಳಿಸುವ ಪದ್ಧತಿ ಇಲ್ಲ. ಹೀಗಾಗಿ ಕೋತಿಗೆ ಮಿರ್ಚಿ, ಜಿಂಕೆಗೆ ಚುರುಮುರಿ, ಜೊತೆಗೆ ಅದನ್ನು ಕಟ್ಟಿದ್ದ ಪ್ಲಾಸ್ಟಿಕ್ ಚೀಲವೂ. ಮೊಸಳೆಯ ಕಥೆ ಬೇರೆ. ಮೈಯ ಬಿಸಿ ಇಳಿಸಿಕೊಳ್ಳಲು ಅದು ಬಾಯಿ ತೆರೆದು ಮಲಗುತ್ತದೆ. ನಮಗೆ ಮಾತ್ರ ಅದು ಕಸದ ಡಬ್ಬಿಯಂತೆ ಕಾಣುತ್ತದೆ. ನಿಜವಾದ ಕಸದ ಡಬ್ಬಿ ಪಕ್ಕದಲ್ಲೇ ಬಾಯಿ ತೆರೆದು ನಿಂತಿದ್ದರೂ ಅದಕ್ಕೆ ಯಾರೂ ಗುರಿ ಇಡುವುದಿಲ್ಲ. ಅಲ್ಲಿ ಥ್ರಿಲ್ ಇಲ್ಲ, ಅಲ್ವಾ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಕಲಮು ಮೃಗಾಲಯದ ಪ್ರಾಣಿಗಳನ್ನು ಕೆಣಕುವುದು, ತಿನ್ನಲು ಕೊಡುವುದು, ಗದ್ದಲ ಮಾಡಿ ಕಾಡುವುದು, ಕಸ ಎಸೆಯುವುದು ಎಲ್ಲವನ್ನೂ ನಿಷೇಧಿಸುತ್ತದೆ. ಕೆಲವು ಕುಟುಂಬಗಳು ಒಂದೇ ಸುತ್ತಿನಲ್ಲಿ ಇಡೀ ಕಲಮು ಮುಗಿಸಿ ಐಸ್‌ಕ್ರೀಮ್ ತಿನ್ನಲು ಹೋಗುತ್ತವೆ. ಕಾವಲುಗಾರ ಸೀಟಿ ಊದಿದರೆ, ಅದೂ ಪ್ರಾಣಿಯನ್ನು ಎಬ್ಬಿಸಲಿಕ್ಕೇ ಎಂದುಕೊಂಡು ಚಪ್ಪಾಳೆ ತಟ್ಟುತ್ತಾರೆ.

ಒಬ್ಬರು ಮಾತ್ರ ಗದ್ದಲ ಮಾಡದೆ ಕೃಷ್ಣಮೃಗದ ಬೇಲಿ ಹಿಡಿದು ನಿಂತಿದ್ದರು. ಹಾವೇರಿ ಕಡೆಯ ರೈತರು. ಅವರ ಜಿಲ್ಲೆಯ ರಾಣೇಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಕ್ಕೆಂದೇ ಅಭಯಾರಣ್ಯ ಇದೆ. ಮೃಗಗಳಿಗೆ ಅದರ ಗಡಿ ಗೊತ್ತಿಲ್ಲ, ಹೊಲದ ದಾರಿ ಗೊತ್ತು.

"ಭಾಳ ಹೊತ್ತಾತು ನೋಡಾಕತ್ತೀರಿ ಯಜಮಾನ್ರ, ಅಷ್ಟು ಚಂದ ಅದಾವೇನ್ರಿ?" ಅಂದೆ.

"ಚಂದ ಅದಾವ್ರಿ. ನಮ್ಮ ಹೊಲಕ್ಕ ಇವು ಟಿಕೆಟ್ ಇಲ್ಲದ ಬರ್ತಾವು. ಇಲ್ಲಿ ನೋಡಿದ್ರ ನಾನ ರೊಕ್ಕ ಕೊಟ್ಟು ಒಳಗ ಬಂದೇನಿ."