ಕಡಲ ತಳಕ್ಕೆ ರೋಬೋಟ್ ಸರ್ವೆ ಬೇಕೇ?

ಪರ: ಕಾಣದೆ ಹುಡುಕುವುದು ಹೇಗೆ?

2014ರ ಮಾರ್ಚ್‌ನಲ್ಲಿ ಮಲೇಷ್ಯಾದ ಎಂಎಚ್370 ವಿಮಾನ 239 ಜನರೊಂದಿಗೆ ಕಾಣೆಯಾಯಿತು. ಹಿಂದೂ ಮಹಾಸಾಗರದಲ್ಲಿ ಹುಡುಕಲು ಹೊರಟವರ ಕೈಯಲ್ಲಿ ಅಲ್ಲಿನ ತಳದ ಸರಿಯಾದ ನಕ್ಷೆಯೇ ಇರಲಿಲ್ಲ. ಏಪ್ರಿಲ್‌ನಲ್ಲಿ ಬ್ಲೂಫಿನ್-21 ಎಂಬ ಎಯುವಿಯನ್ನು, ಅಂದರೆ ಯಾರೂ ಓಡಿಸದೆ ತಾನೇ ಈಜುವ ರೋಬೋಟನ್ನು, ನೀರಿಗೆ ಬಿಟ್ಟರು. ಅದು ಇಳಿಯಬಹುದಾದದ್ದು 4,500 ಮೀಟರ್. ತಳ ಅದಕ್ಕಿಂತ ಕೆಳಗಿತ್ತು. ಮೊದಲ ಸಲವೇ ಕೆಲಸ ಅರ್ಧಕ್ಕೆ ಬಿಟ್ಟು ಮೇಲೆ ಬಂತು. ಬಾವಿ ಎಷ್ಟು ಆಳ ಅಂತ ಇಳಿದ ಮೇಲೆ ಗೊತ್ತಾದ ಹಾಗೆ!

ಹಡಗಿನಿಂದಲೇ ಸೋನಾರ್ ಹಾಕಿದರೆ, ಅಂದರೆ ಶಬ್ದ ಕಳಿಸಿ ಅದರ ಪ್ರತಿಧ್ವನಿಯಿಂದ ತಳ ಅಳೆದರೆ, ಸಾಲದೇ? ಸಾಲದು. ನಾಲ್ಕು ಕಿಲೋಮೀಟರ್ ಇಳಿಯುವಷ್ಟರಲ್ಲಿ ಶಬ್ದದ ಅಲೆ ಹರಡಿಬಿಡುತ್ತದೆ. ಬೆಟ್ಟ ಕಾಣುತ್ತದೆ, ಬಂಡೆ ಕಾಣುವುದಿಲ್ಲ. ಎಯುವಿ ತಳದ ಹತ್ತಿರವೇ ಈಜುವುದರಿಂದ ಸಣ್ಣ ಗುರುತೂ ಸಿಗುತ್ತದೆ. 2018ರಲ್ಲಿ ಓಷನ್ ಇನ್ಫಿನಿಟಿ ಕಂಪನಿ ಇಂಥ ಹಲವು ರೋಬೋಟ್‌ಗಳನ್ನು ಒಟ್ಟಿಗೆ ಬಿಟ್ಟು ಕೆಲವೇ ತಿಂಗಳಲ್ಲಿ ಸುಮಾರು 1,12,000 ಚದರ ಕಿಲೋಮೀಟರ್ ಜಾಲಾಡಿತು. ವಿಮಾನ ಸಿಗಲಿಲ್ಲ, ನಿಜ. ಆದರೆ ಅದೇ ವರ್ಷ ಅದೇ ಕಂಪನಿಗೆ ಅರ್ಜೆಂಟೀನಾದ ಸಾನ್ ಹ್ವಾನ್ ಜಲಾಂತರ್ಗಾಮಿ ಸುಮಾರು 900 ಮೀಟರ್ ಆಳದಲ್ಲಿ ಸಿಕ್ಕಿತು. ಅದರಲ್ಲಿದ್ದ 44 ಜನರ ಮನೆಯವರು ಒಂದು ವರ್ಷ ಕಾದಿದ್ದರು.

ನಮ್ಮಲ್ಲೂ ಇದು ನಡೆದಿದೆ. 2024ರ ಡಿಸೆಂಬರ್‌ನಲ್ಲಿ ಚೆನ್ನೈನ ಎನ್‌ಐಒಟಿ ಎಂಬ ಸಾಗರ ತಂತ್ರಜ್ಞಾನ ಸಂಸ್ಥೆಯ ಎಯುವಿ ಓಎಂಇ-6000 ಹಿಂದೂ ಮಹಾಸಾಗರದ 4,500 ಮೀಟರ್ ಆಳದಲ್ಲಿ ಬಿಸಿನೀರು ಉಕ್ಕುವ ಬುಗ್ಗೆಯ ಚಿತ್ರ ತೆಗೆಯಿತು. ಮನೆ ಹಿತ್ತಲಲ್ಲಿ ಏನಿದೆ ಅಂತ ನೋಡುವುದೂ ತಪ್ಪೇ?

ವಿರೋಧ: ಅಳತೆ ಯಾರಿಗಾಗಿ?

ಹೊಲಕ್ಕೆ ಸರ್ವೆಯವರು ಬಂದರೆ ರೈತ ಮೊದಲು ಕೇಳುವುದು "ಯಾಕ್ರೀ ಅಳೀತಿದ್ದೀರಿ?" ಅಂತ. ಕಡಲ ತಳದಲ್ಲಿ ಹಾಗೆ ಕೇಳುವವರಿಲ್ಲ.

ಬುಗ್ಗೆಯ ಚಿತ್ರ ಚೆನ್ನಾಗಿದೆ. ಆದರೆ ಓಎಂಇ ಅಂದರೆ ಓಷನ್ ಮಿನರಲ್ ಎಕ್ಸ್‌ಪ್ಲೋರರ್. ಖನಿಜ ಹುಡುಕುವುದು ಅಂತ ಹೆಸರಲ್ಲೇ ಇದೆ, ಮುಚ್ಚುಮರೆ ಇಲ್ಲ. ಮಧ್ಯ ಹಿಂದೂ ಮಹಾಸಾಗರದಲ್ಲಿ ಭಾರತಕ್ಕೆ 75,000 ಚದರ ಕಿಲೋಮೀಟರ್ ಜಾಗ ಮೀಸಲಿದೆ. ಅಲ್ಲಿ ಆಲೂಗಡ್ಡೆಯಂಥ ಗಂಟುಗಳು ಬಿದ್ದಿವೆ. ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಎಲ್ಲ ಅದರಲ್ಲಿವೆ. ಹತ್ತು ಲಕ್ಷ ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್.

ಜಗತ್ತಿನ ನಕ್ಷೆಯೇ ಬೇಕೆಂದರೆ ಹಡಗಿನ ಸೋನಾರ್ ಮೊದಲು ಆಗಲಿ. 2025ರ ಮಧ್ಯದವರೆಗೆ ಕಡಲ ತಳದ ಕಾಲು ಭಾಗಕ್ಕಿಂತ ತುಸು ಜಾಸ್ತಿಯಷ್ಟೇ ಅಳೆದಿದ್ದಾರೆ. ಎಯುವಿಯ ವೇಗ ನಾವು ಬಿರುಸಾಗಿ ನಡೆಯುವಷ್ಟು. ಎಂಎಚ್370 ಹುಡುಕಾಟದಿಂದ 2017ರಲ್ಲಿ ಆಸ್ಟ್ರೇಲಿಯಾ ಎಲ್ಲರಿಗೂ ಕೊಟ್ಟ ತಳದ ನಕ್ಷೆ ಕೂಡ ಹಡಗಿನಿಂದ ಅಳೆದದ್ದು. ಹಾಗಾದರೆ ಇಷ್ಟು ದುಡ್ಡು ಸುರಿದು, ಒಂದೇ ಜಾಗವನ್ನು ಇಷ್ಟು ಹತ್ತಿರದಿಂದ ನೋಡುವುದು ಸುಮ್ನೆ ಕುತೂಹಲಕ್ಕಾ?

1989ರಲ್ಲಿ ಪೆರು ದೇಶದಾಚೆಯ ಪೆಸಿಫಿಕ್ ತಳದಲ್ಲಿ ಜರ್ಮನ್ ವಿಜ್ಞಾನಿಗಳು, ಗಣಿಗಾರಿಕೆ ಮಾಡಿದರೆ ತಳಕ್ಕೆ ಏನಾಗುತ್ತದೆ ಅಂತ ಪರೀಕ್ಷಿಸಲು, ನೇಗಿಲು ಎಳೆದರು. 2015ರಲ್ಲಿ ಮತ್ತೆ ಹೋಗಿ ನೋಡಿದರೆ ಉತ್ತ ಸಾಲುಗಳು ಹಾಗೇ ಇದ್ದವು. ಆ ಸಾಲುಗಳ ನಕ್ಷೆ ತೆಗೆದದ್ದೂ ಎಯುವಿಯೇ, ಒಪ್ಪುತ್ತೇನೆ. ಆದರೆ ಅಲ್ಲಿ ನೇಗಿಲು ಮೊದಲು ಬಂದಿತ್ತು, ರೋಬೋಟ್ ಆಮೇಲೆ. ಈಗ ರೋಬೋಟ್ ಮೊದಲು ಬಂದಿದೆ.