ಉಗುರಿಗೇನು ಗೊತ್ತು ಬೆಚ್ಚಗೆ

ಮನೆಯಲ್ಲೇ ಬ್ರೆಡ್ ಮಾಡುತ್ತೇನೆ ಅಂತ ಹೊರಟ ದಿನ ನನಗೊಂದು ಸತ್ಯ ತಿಳಿಯಿತು. ಉಗುರಿಗೆ ಬಿಸಿ ಗೊತ್ತಾಗುವುದಿಲ್ಲ.

ಯೀಸ್ಟನ್ನು ‘ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ’ ಅಂತ ಬರೆದಿತ್ತು. ಎಷ್ಟು ಡಿಗ್ರಿ ಅಂತ ಇರಲಿಲ್ಲ. ಕನ್ನಡದ ಮೇಲೆ ಭಾರ ಹಾಕಿ, ಅದು ಹೇಳಿದ ಹಾಗೇ ಮಾಡಿದೆ. ಕಿರುಬೆರಳಿನ ಉಗುರು ಸ್ವಲ್ಪ ಉದ್ದ ಬೆಳೆದಿತ್ತು. ಅದರ ತುದಿಯನ್ನಷ್ಟೇ ನೀರಿಗೆ ಅದ್ದಿದೆ. ಏನೂ ಅನ್ನಿಸಲಿಲ್ಲ. ಇನ್ನೊಂದು ನಿಮಿಷ ಕಾಯಿಸಿದೆ. ಮತ್ತೆ ಅದ್ದಿದೆ. ಊಹೂಂ. ಮೂರನೇ ಸಲಕ್ಕೆ ಪಾತ್ರೆಯ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು, ಉಗುರು ಮಾತ್ರ ಧ್ಯಾನಕ್ಕೆ ಕೂತ ಮುನಿಯ ಹಾಗೆ ಇತ್ತು. ಬೆರಳು ಒಂದು ಕೂದಲೆಳೆಯಷ್ಟು ಕೆಳಗೆ ಜಾರಿತು ನೋಡಿ, ಬೆಚ್ಚಗಾಗುವುದು ಹಾಗಿರಲಿ, ಬೆಚ್ಚಿಬಿದ್ದೆ.

ಆ ಗಾಬರಿಯಲ್ಲೇ ಯೀಸ್ಟನ್ನೂ ಸುರಿದುಬಿಟ್ಟೆ. 40 ಡಿಗ್ರಿ ಸುತ್ತಮುತ್ತ ಅದು ಚುರುಕಾಗುತ್ತದಂತೆ, 60 ದಾಟಿದರೆ ಸಾಯುತ್ತದಂತೆ. ಇದನ್ನು ಓದಿದ್ದು ಆಮೇಲೆ.

ಉಗುರಿನ ತುದಿಯಲ್ಲಿ ನರವೇ ಇಲ್ಲ. ಕತ್ತರಿಸಿದರೆ ನೋವಾಗದಿರುವುದು ಅದಕ್ಕೇ. ಹಾಗಿದ್ದ ಮೇಲೆ ಇಷ್ಟು ನಾಜೂಕಿನ ಕೆಲಸಕ್ಕೆ ಅದನ್ನೇ ಯಾಕೆ ನೇಮಿಸಿದರು? ನಾವೊಬ್ಬರೇ ಅಲ್ಲ, ತೆಲುಗಿನವರೂ ‘ಗೋರುವೆಚ್ಚ’ ಅನ್ನುತ್ತಾರೆ. ಗೋರು ಅಂದರೂ ಉಗುರೇ. ತಮಿಳಿನವರು ಜಾಣರು, ಉಗುರಿನ ಸಹವಾಸವೇ ಬೇಡ ಅಂತ ‘ವೆದುವೆದುಪ್ಪು’ ಅಂದು ಸುಮ್ಮನಾದರು. ಹಿಂದಿಯ ‘ಗುನ್‌ಗುನಾ’ ನೀರು ಕೇಳಿದರಂತೂ ಬಕೆಟ್ಟೇ ಹಾಡು ಗುನುಗುತ್ತಿದೆ ಅನ್ನಿಸುತ್ತದೆ. ಅಮರಕೋಶದಲ್ಲಿ ಇದಕ್ಕೆ ನಾಲ್ಕು ಹೆಸರು: ಕೋಷ್ಣ, ಕವೋಷ್ಣ, ಮಂದೋಷ್ಣ, ಕದುಷ್ಣ. ಕದುಷ್ಣದ ಒಳಗೆ ಅವಿತಿರುವುದು ಕುರೂಪದಲ್ಲಿರುವ ಅದೇ ‘ಕು’. ಇಲ್ಲಿ ಅದಕ್ಕೆ ‘ಸ್ವಲ್ಪ’ ಅಂತ ಅರ್ಥ. ನನ್ನ ನೀರಿನ ಮಟ್ಟಿಗೆ ಕುರೂಪದ ‘ಕೆಟ್ಟ’ ಅನ್ನುವ ಅರ್ಥವೇ ಸರಿ ಇತ್ತು.

ಇಂಗ್ಲಿಷಿನ ಲ್ಯೂಕ್‌ವಾರ್ಮ್ ಇನ್ನೂ ತಮಾಷೆ. ಈ ಲ್ಯೂಕ್ ಯಾರೋ ಮಹಾನುಭಾವ ಅಂದುಕೊಂಡಿದ್ದೆ. ಅಲ್ಲವಂತೆ, ಮಧ್ಯಕಾಲದ ಇಂಗ್ಲಿಷಿನಲ್ಲಿ ಅದಕ್ಕೇ ಉಗುರುಬೆಚ್ಚಗೆ ಅಂತ ಅರ್ಥ. ಅಂದರೆ ನಮ್ಮ ‘ನಡುಮಧ್ಯ’, ‘ಗೇಟುಬಾಗಿಲು’ ಇದ್ದ ಹಾಗೆ.

ಈ ಲ್ಯೂಕ್‌ವಾರ್ಮ್ ನನಗೆ ಮೊದಲೂ ಒಮ್ಮೆ ಕೈ ಕೊಟ್ಟಿತ್ತು. ಒಂದು ವರದಿಯನ್ನು ಅನುವಾದ ಮಾಡುವಾಗ, ಸಭೆಗೆ ‘ಉಗುರುಬೆಚ್ಚಗಿನ ಪ್ರತಿಕ್ರಿಯೆ’ ಸಿಕ್ಕಿತು ಅಂತ ಬರೆದೆ. ತಿದ್ದುವ ಹಿರಿಯರು ಕನ್ನಡಕ ಮೇಲೇರಿಸಿ ಕೇಳಿದರು, “ಜನ ಕಾಲು ನೀರಲ್ಲಿ ಇಳಿಬಿಟ್ಟುಕೊಂಡು ಕೂತಿದ್ರಾ?”

ಅವರು ಕೇಳಿದ್ದು ಸರಿಯೇ. ಇಂಗ್ಲಿಷಿನವರಿಗೆ ಈ ಪದ ಅಂದರೆ ಅಸಡ್ಡೆ. ಬೈಬಲ್ಲಿನ ಕೊನೆಯ ಪುಸ್ತಕದಲ್ಲಂತೂ, ಬಿಸಿಯೂ ಅಲ್ಲದ ತಣ್ಣಗೂ ಇಲ್ಲದ ಲವೊದಿಕೀಯ ಅನ್ನುವ ಊರಿನವರನ್ನು ಬಾಯಿಂದ ಉಗುಳಿಬಿಡುತ್ತೇನೆ ಅನ್ನುವ ಮಾತಿದೆ. ನಮಗೋ, ಉಗುರುಬೆಚ್ಚಗೆ ಅಂದರೆ ಸುಖ. ಗಂಟಲು ಕೆಟ್ಟರೆ, ಕಾಲು ನೋವಾದರೆ, ಮಗುವಿಗೆ ನೀರು ಹಾಕಬೇಕಾದರೆ ಅದೇ ಬೇಕು. ಅದನ್ನು ಯಾರಾದರೂ ಉಗುಳುತ್ತಾರಾ? (ಬಾಯಿ ಮುಕ್ಕಳಿಸುವಾಗ ಉಗುಳುತ್ತೇವೆ, ಆ ಮಾತು ಬೇರೆ.) ತಣ್ಣಗೆ ಅನ್ನುವುದನ್ನೂ ನಂಬುವಂತಿಲ್ಲ. ಉತ್ಸಾಹಕ್ಕೆ ತಣ್ಣೀರು ಎರಚಿದರೆ ಮುನಿಸು, ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂದರೆ ಹರಕೆ.

ಚುನಾವಣೆಗೆ ಕಾವು ಏರುವುದು, ಇಳಿಯುವುದು ಉಂಟು, ನಿಜ. ಆದರೆ ಮನೆಮಾತಿನಲ್ಲಿ ನಾವು ಹುರುಪನ್ನು ಅಳೆಯುವುದು ಥರ್ಮಾಮೀಟರಿನಿಂದ ಅಲ್ಲ, ನಾಲಿಗೆಯಿಂದ. ಉಪ್ಪಿಲ್ಲದಿದ್ದರೆ ಸಪ್ಪೆ ಮೋರೆ. ರಸವಿಲ್ಲದಿದ್ದರೆ ನೀರಸ ಪ್ರತಿಕ್ರಿಯೆ. ಅದೂ ಹೋಗಲಿ, ನಿಜವಾದ ನಿರುತ್ಸಾಹಕ್ಕೆ ಇಂಥ ಪದವೇ ಬೇಕಾಗಿಲ್ಲ. “ನೋಡೋಣ” ಸಾಕು. “ಪರವಾಗಿಲ್ಲ” ಸಾಕು. ಇವಕ್ಕೆಲ್ಲ ಗುರು ‘ಹೂಂ’. ಒಂದೇ ಅಕ್ಷರಕ್ಕೆ ಒಂದು ಸೊನ್ನೆ. ಅದನ್ನು ಮೂಗಿನಲ್ಲೇ ಹೇಳಿ ಮುಗಿಸಬಹುದು, ತುಟಿ ತೆರೆಯುವ ಖರ್ಚೂ ಇಲ್ಲ.

ಬ್ರೆಡ್ಡಿನ ಕಥೆ ಅರ್ಧಕ್ಕೇ ಬಿಟ್ಟೆ. ಹಿಟ್ಟು ಎರಡು ಗಂಟೆ ಕಾದರೂ ಕದಲಲಿಲ್ಲ. ಒದ್ದೆ ಬಟ್ಟೆ ಮುಚ್ಚಿದೆ, ಬಿಸಿಲಿಗಿಟ್ಟೆ, ಸಣ್ಣಗೆ ಗದರಿಯೂ ನೋಡಿದೆ. ಕೊನೆಗೆ ಆದದ್ದಾಗಲಿ ಅಂತ ಓವನ್ನಿಗೆ ತಳ್ಳಿದೆ. ಹೊರಗೆ ಬಂದದ್ದನ್ನು ಮೇಜಿನ ಮೇಲಿಟ್ಟಾಗ ಟಣ್ ಅಂತ ಸದ್ದಾಯಿತು. ಅಷ್ಟು ಹೊತ್ತಿಗೆ ಗೆಳೆಯನೊಬ್ಬ ಬಂದ. ಒಂದು ಚೂರು ಮುರಿಯಲು ಹೋದ, ಆಗಲಿಲ್ಲ. ಚಾಕು ತಂದುಕೊಟ್ಟೆ. ಬಾಯಿಗೆ ಹಾಕಿಕೊಂಡು ತುಂಬಾ ಹೊತ್ತು ಅಗಿದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹೊಗಳಲು ಏನಾದರೂ ಸಿಗುತ್ತದಾ ಅಂತ ಅವನೂ ಪಾಪ ಹುಡುಕುತ್ತಿದ್ದ. ಕೊನೆಗೆ ಸಿಕ್ಕಿತು.

“ಬೆಚ್ಚಗಿದೆ.”